ಪಲ್ಲಕ್ಕಿ ಏರುವ ಕಾರು

ಕಾರು ಇರುವುದು ಮನುಷ್ಯನನ್ನು ಹೊರುವುದಕ್ಕೆ. ಆದರೆ ವಯಸ್ಸಾದ ಮೇಲೆ ಕೆಲವು ಕಾರುಗಳನ್ನು ಮನುಷ್ಯರೇ ಹೊರಬೇಕಾಗುತ್ತದೆ. ಯೌವನದಲ್ಲಿ ಗಂಟೆಗೆ ಇನ್ನೂರು ಕಿಲೋಮೀಟರ್ ಮೀರಿ ಓಡಿದ ಗಾಡಿ, ಅರವತ್ತು ತುಂಬಿದ ಮೇಲೆ ಇನ್ನೊಂದು ಗಾಡಿಯ ಬೆನ್ನೇರಿ, ನಾಲ್ಕೂ ಕಾಲು ಕಟ್ಟಿಸಿಕೊಂಡು, ನಿಧಾನವಾಗಿ ಊರಿಂದೂರಿಗೆ ಹೋಗುತ್ತದೆ. ಉತ್ಸವಮೂರ್ತಿಗೆ ಪಲ್ಲಕ್ಕಿ ಇದ್ದ ಹಾಗೆ ಅದಕ್ಕೊಂದು ಟ್ರೇಲರ್. ಪಲ್ಲಕ್ಕಿ ಹೊರುವವರ ಹೆಜ್ಜೆ ತಪ್ಪಿದರೆ ಮೂರ್ತಿ ವಾಲುತ್ತದೆ; ಟ್ರೇಲರ್ ಎಳೆಯುವವನ ಲೆಕ್ಕ ತಪ್ಪಿದರೆ ವಾಲುವುದು ಕಾರು ಮಾತ್ರವಲ್ಲ.

ಕೆಟ್ಟು ನಿಂತ ಅಂಬಾಸಿಡರ್ ಕಾರಿನ ಮೂತಿಗೆ ಸೆಣಬಿನ ಹಗ್ಗ ಬಿಗಿದು, ಮುಂದಿನ ಜೀಪಿನಿಂದ ಒಬ್ಬ ಕೈಬೀಸಿ, ಹಿಂದಿನ ಕಾರಿನಿಂದ ಇನ್ನೊಬ್ಬ ಕೂಗಿ, ಹೇಗೋ ಗ್ಯಾರೇಜು ಮುಟ್ಟಿಸುತ್ತಿದ್ದ ದೃಶ್ಯವನ್ನು ನಮ್ಮ ಊರುಗಳಲ್ಲಿ ನೋಡದವರಿಲ್ಲ. ಕಾರು ಎಳೆಯುವುದೆಂದರೆ ಹಗ್ಗ ಮತ್ತು ಗಟ್ಟಿ ಗಂಟಲು, ಇಷ್ಟೇ ಎಂದು ಅನೇಕರು ತಿಳಿದಿರುವುದು ಅದರಿಂದಲೇ. ಅಂಬಾಸಿಡರ್ ಆ ಪಾಡನ್ನು ತಡೆದುಕೊಳ್ಳುತ್ತಿತ್ತು. ಅದು ನೆಲದಿಂದ ಎದ್ದು ನಿಂತ ಕಾರು, ಮೈಯೂ ಗಟ್ಟಿ. ನೆಲಕ್ಕಂಟಿಕೊಂಡು ಕೂತ ಹಳೆಯ ಸ್ಪೋರ್ಟ್ಸ್ ಕಾರಿನ ವಿಷಯ ಬೇರೆ. ಅದನ್ನು ಸಾಗಿಸುವುದು ಒಂದು ವಿದ್ಯೆ. ಆ ವಿದ್ಯೆಯಲ್ಲಿ ಹೈಸ್ಕೂಲಿನ ತ್ರಿಕೋನಮಿತಿ ಇದೆ, ಸನ್ನೆಗೋಲಿನ ನಿಯಮ ಇದೆ, ಇಳಿಜಾರಿನ ಪಾಠ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಇದೆ. 'ಈ ಲೆಕ್ಕ ಕಲಿತು ಏನು ಪ್ರಯೋಜನ?' ಎಂದು ಪರೀಕ್ಷೆಯ ಹಿಂದಿನ ರಾತ್ರಿ ಕೇಳುವ ಮಕ್ಕಳಿಗೂ, ಉತ್ತರ ಹೇಳಲಾಗದೆ ಗದರಿಸುವ ತಂದೆತಾಯಿಗೂ ಇಲ್ಲೊಂದು ಉತ್ತರ ಸಿಕ್ಕರೂ ಸಿಗಬಹುದು.

ಉದಾಹರಣೆಗೆ ಜಾಗ್ವಾರ್ ಇ-ಟೈಪ್ ಕಾರನ್ನೇ ತೆಗೆದುಕೊಳ್ಳಬಹುದು. ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಹುಟ್ಟಿದ ಈ ಕಾರು ಜಗತ್ತಿಗೆ ಮುಖ ತೋರಿಸಿದ್ದು 1961ರ ಮಾರ್ಚ್ ತಿಂಗಳಲ್ಲಿ, ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ. ಅದರ ರೂಪ ಬರೆದ ಮಾಲ್ಕಮ್ ಸೇಯರ್ ಮೊದಲು ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿ ದುಡಿದವರು. ಗಾಳಿ ಹೇಗೆ ಹರಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ ರೇಖೆ ಎಳೆದರೇ ಹೊರತು ಕಣ್ಣಿಗೆ ಚಂದ ಕಾಣಲೆಂದು ಎಳೆಯಲಿಲ್ಲ. ಆದರೂ ಅದು ಎಷ್ಟು ಚಂದ ಬಂತೆಂದರೆ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1996ರಲ್ಲಿ ಒಂದು ಇ-ಟೈಪನ್ನು ಚಿತ್ರ-ಶಿಲ್ಪಗಳ ಸಾಲಿಗೆ ಸೇರಿಸಿಕೊಂಡಿತು. 1974ರವರೆಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಇ-ಟೈಪ್‌ಗಳು ತಯಾರಾದವು. 2008ರಲ್ಲಿ ಟಾಟಾ ಮೋಟಾರ್ಸ್ ಜಾಗ್ವಾರನ್ನು ಕೊಂಡ ಮೇಲೆ ಈ ಮನೆತನಕ್ಕೆ ಭಾರತದ ನಂಟೂ ಬೆಳೆಯಿತು.

ಜಿನೀವಾದ ಕತೆ ಇಲ್ಲಿ ನೆನೆಯುವಂಥದ್ದು. ಪ್ರದರ್ಶನಕ್ಕೆಂದು ಕವೆಂಟ್ರಿಯಿಂದ ಒಂದು ಇ-ಟೈಪನ್ನು ಓಡಿಸಿಕೊಂಡೇ ತಂದಿದ್ದರು. ನೋಡಿದವರೆಲ್ಲ 'ನನಗೊಮ್ಮೆ ಸವಾರಿ' ಎಂದು ಮುಗಿಬಿದ್ದರು. ಒಂದೇ ಕಾರು ಸಾಲಲಿಲ್ಲ. ಕಂಪನಿಯ ಯಜಮಾನರಾದ ಸರ್ ವಿಲಿಯಂ ಲಯನ್ಸ್ ಕಾರ್ಖಾನೆಗೆ ಕರೆ ಕಳಿಸಿದರು. ಪರೀಕ್ಷಾ ಚಾಲಕ ನಾರ್ಮನ್ ಡ್ಯೂವಿಸ್ ಎರಡನೆಯ ಕಾರನ್ನೇರಿ ಹೊರಟವರು ಇಂಗ್ಲಿಷ್ ಕಾಲುವೆ ದಾಟಿ, ರಾತ್ರಿಯಿಡೀ ಫ್ರಾನ್ಸನ್ನು ಹಾದು, ಸಾವಿರ ಕಿಲೋಮೀಟರ್ ಆಚೆಯ ಜಿನೀವಾವನ್ನು ಮರುದಿನ ಬೆಳಿಗ್ಗೆ ಮುಟ್ಟಿದರು. ಅಂದು ಆ ಕಾರಿಗೆ ಪಲ್ಲಕ್ಕಿ ಬೇಕಿರಲಿಲ್ಲ. ರಸ್ತೆಯೇ ಅದರ ಮನೆ.

ಇಂದು ಅದೇ ಪೀಳಿಗೆಯ ಕಾರು ನೂರು ಕಿಲೋಮೀಟರ್ ದೂರದ ಮೇಳಕ್ಕೆ ಹೋಗಬೇಕಾದರೂ ಎಷ್ಟೋ ಸಲ ಟ್ರೇಲರ್ ಏರುತ್ತದೆ. ಕಾರಣಗಳು ಬೇಕಾದಷ್ಟು. ಎಂಜಿನ್ ಕಳಚಿ ದುರಸ್ತಿಗೆ ಹೋಗಿರಬಹುದು, ಹತ್ತು ವರ್ಷ ಶೆಡ್ಡಿನಲ್ಲಿ ನಿಂತು ಬ್ರೇಕು ಕಚ್ಚಿಕೊಂಡಿರಬಹುದು, ವಿಮೆ ಇಲ್ಲದಿರಬಹುದು, ಟೈರಿನ ರಬ್ಬರು ಬಿರುಕು ಬಿಟ್ಟಿರಬಹುದು. ಅಥವಾ ಆಗಷ್ಟೇ ಬಣ್ಣ ಹೊಡೆಸಿದ ಒಡೆಯನಿಗೆ ಒಂದೇ ಒಂದು ಕಲ್ಲಿನ ಚೂರೂ ತಾಗಬಾರದೆಂಬ ಹಟ ಇರಬಹುದು. ಮುದುಕರನ್ನು ಪ್ರಯಾಣಕ್ಕೆ ಹೊರಡಿಸುವಾಗ ಮನೆಯಲ್ಲಿ ಆಗುವ ಗಡಿಬಿಡಿಯೇ ಇಲ್ಲೂ ಆಗುತ್ತದೆ. ಔಷಧಿ ಇಟ್ಟಿರಾ, ಶಾಲು ಇಟ್ಟಿರಾ ಎಂಬುದರ ಬದಲು ಪಟ್ಟಿ ಇಟ್ಟಿರಾ, ದಿಂಡು ಇಟ್ಟಿರಾ ಎಂಬ ಮಾತು, ಅಷ್ಟೇ.

ಅನುಭವಸ್ಥ ಸಾಗಣೆದಾರನ ಮೊದಲ ಕೆಲಸ ಏನೂ ಮಾಡದಿರುವುದು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ. ಕುಕ್ಕುರುಗಾಲಿನಲ್ಲಿ ಕೂತು ಹೊಟ್ಟೆಯ ಕೆಳಗೆ ಇಣುಕುತ್ತಾನೆ. ಎಣ್ಣೆ ಸೋರುತ್ತಿದೆಯೇ, ಪೆಟ್ರೋಲಿನ ವಾಸನೆ ಇದೆಯೇ, ಟೈರಿನಲ್ಲಿ ಗಾಳಿ ಇದೆಯೇ, ಚಕ್ರ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡುತ್ತಾನೆ. ಮೊದಲೇ ಇದ್ದ ಗೀರುಗಳ ಫೋಟೋ ತೆಗೆದುಕೊಳ್ಳುತ್ತಾನೆ. ಆಮೇಲೆ ಅಳತೆಪಟ್ಟಿ ಹೊರಗೆ ಬರುತ್ತದೆ. ಹೊಸಬ ಈ ಹೊತ್ತಿಗೆ ಕಾರನ್ನು ಹಲಗೆಯ ಮೇಲೆ ಅರ್ಧ ಏರಿಸಿ, ಹೊಟ್ಟೆ ಸಿಕ್ಕಿಹಾಕಿಕೊಂಡು, ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ನಿಂತಿರುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಹೊಟ್ಟೆ ಸಿಕ್ಕಿಕೊಳ್ಳುವುದು ಏಕೆ? ಇಲ್ಲಿಂದ ಲೆಕ್ಕ ಶುರು. ಇ-ಟೈಪಿನ ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಿನ ಅಂತರ 2 ಮೀಟರ್ 44 ಸೆಂಟಿಮೀಟರ್. ಒಟ್ಟು ಎತ್ತರವೇ ಸುಮಾರು 1 ಮೀಟರ್ 20 ಸೆಂಟಿಮೀಟರ್. ಪ್ರಾಥಮಿಕ ಶಾಲೆಯ ಹುಡುಗ ಅದರ ಛಾವಣಿಯಾಚೆ ನೋಡಬಲ್ಲ. ಹೊಟ್ಟೆ ನೆಲದಿಂದ ಸುಮಾರು 14 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಟ್ರೇಲರಿನ ಹಾಸು ನೆಲದಿಂದ ಅರ್ಧ ಮೀಟರ್ ಮೇಲಿದೆ. ಅದಕ್ಕೆ 2 ಮೀಟರ್ ಉದ್ದದ ಹಲಗೆ ಆನಿಸಿದರೆ, ಅರ್ಧವನ್ನು ಎರಡರಿಂದ ಭಾಗಿಸಿದಾಗ ಕಾಲು. ಆ ಕಾಲು ಯಾವ ಕೋನದ ಸೈನ್ ಎಂದು ಕೋಷ್ಟಕ ನೋಡಿದರೆ ಹದಿನಾಲ್ಕೂವರೆ ಡಿಗ್ರಿ. ಮುಂಚಕ್ರ ಹಾಸಿನ ಮೇಲೂ ಹಿಂಚಕ್ರ ಹಲಗೆಯ ಮೇಲೂ ಇರುವಾಗ, ಹಲಗೆ ಮತ್ತು ಹಾಸು ಕೂಡುವ ಮೂಲೆ ಹೊಟ್ಟೆಯತ್ತ ಏಳುತ್ತದೆ. ಮೇಲಿನ ಅಳತೆಯ ಕಾರು ತಡೆದುಕೊಳ್ಳುವುದು ಸುಮಾರು 13 ಡಿಗ್ರಿ ಮಾತ್ರ. ಕೊರತೆ ಒಂದೂವರೆ ಡಿಗ್ರಿ. ಪರೀಕ್ಷೆಯಲ್ಲಾದರೆ ಮೇಷ್ಟರು ಅರ್ಧ ಅಂಕ ಕಳೆದು ಸುಮ್ಮನಾಗುತ್ತಾರೆ. ಇಲ್ಲಿ ಸೈಲೆನ್ಸರ್ ಕೊಳವೆ ಹರಿಯುತ್ತದೆ.

ಹಲಗೆಯನ್ನು 4 ಮೀಟರಿಗೆ ಉದ್ದ ಮಾಡಿದರೆ ಕೋನ ಸುಮಾರು 7 ಡಿಗ್ರಿಗೆ ಇಳಿಯುತ್ತದೆ. ಕಾರು ಸಲೀಸಾಗಿ ಹತ್ತುತ್ತದೆ. ಉದ್ದ ಹಲಗೆ ಇಲ್ಲದಿದ್ದರೆ ಗಿಡ್ಡ ಹಲಗೆಯ ಬುಡಕ್ಕೆ ಮರದ ತುಂಡುಗಳನ್ನು ಮೆಟ್ಟಿಲಾಗಿ ಜೋಡಿಸಿ ಏರನ್ನು ಹಂಚುವವರಿದ್ದಾರೆ. ಹಾಸನ್ನೇ ಹಿಂದಕ್ಕೆ ವಾಲಿಸುವ ಟ್ರೇಲರುಗಳೂ ಇವೆ. ಬಳಸುವ ಉಪಾಯ ಯಾವುದೇ ಆಗಲಿ, ಗುಟ್ಟು ಒಂದೇ: ಏರನ್ನು ಉದ್ದವಾಗಿ ಹರಡುವುದು. ಆಗುಂಬೆ ಘಾಟಿಯ ರಸ್ತೆ ನೆಟ್ಟಗೆ ಹತ್ತದೆ ಸುತ್ತಿ ಸುತ್ತಿ ಹತ್ತುವುದೂ ಇದೇ ಕಾರಣಕ್ಕೆ ತಾನೇ?

ಮೂತಿಯ ಕತೆ ಬೇರೆ. ಇಂಥ ಕಾರುಗಳ ಮೂತಿ ಮುಂಚಕ್ರಕ್ಕಿಂತ ಬಹಳ ಮುಂದೆ ಚಾಚಿರುತ್ತದೆ. ಚಕ್ರ ನೆಲ ಮುಟ್ಟುವ ಜಾಗದಿಂದ 80 ಸೆಂಟಿಮೀಟರ್ ಮುಂದೆ, ನೆಲದಿಂದ 20 ಸೆಂಟಿಮೀಟರ್ ಎತ್ತರದಲ್ಲಿ ಒಂದು ಕಾರಿನ ಮೂತಿಯ ತಳ ಇದೆ ಎನ್ನಿ. ಅದಕ್ಕೆ 14 ಡಿಗ್ರಿಗಿಂತ ಕಡಿದಾದ ಹಲಗೆ ಎದುರಾದರೆ ಚಕ್ರ ಹಲಗೆ ಮುಟ್ಟುವ ಮೊದಲೇ ಮೂತಿ ಹಲಗೆಗೆ ಮುತ್ತಿಡುತ್ತದೆ. ಇ-ಟೈಪಿನಲ್ಲಿ ಈ ಮುತ್ತು ದುಬಾರಿ. ಅದರ ಬಾನೆಟ್ ಎಂದರೆ ಕಾರಿನ ಮುಂಭಾಗವೆಲ್ಲ ಸೇರಿದ ಒಂದೇ ದೊಡ್ಡ ಚಿಪ್ಪು. ಮಡ್‌ಗಾರ್ಡೂ ಅದರಲ್ಲೇ ಸೇರಿದೆ. ಅದರ ಒಳಗೆ ಎಂಜಿನ್ನನ್ನು ಹೊತ್ತಿರುವುದು ಹಿಂದಿನ ಮೈಗೆ ಬೋಲ್ಟ್ ಹಾಕಿ ಕೂರಿಸಿದ ಸಣ್ಣ ಉಕ್ಕಿನ ಕೊಳವೆಗಳ ಚೌಕಟ್ಟು. ಹಗುರವಾಗಿರಲಿ ಎಂದು ಹಾಗೆ ಕಟ್ಟಿದ್ದು. ಓಡುವಾಗ ಬರುವ ಭಾರವನ್ನು ಅದು ಚೆನ್ನಾಗಿ ತಾಳುತ್ತದೆ. ಸಿಕ್ಕಸಿಕ್ಕಲ್ಲಿ ಕೊಕ್ಕೆ ಹಾಕಿ ಜಗ್ಗಿದರೆ ತಾಳುವುದಿಲ್ಲ.

ಹಾಗಾದರೆ ಹಗ್ಗವನ್ನು ಎಲ್ಲಿಗೆ ಕಟ್ಟಬೇಕು? ಬಂಪರಿಗೆ ಅಂತೂ ಅಲ್ಲ. ಇ-ಟೈಪಿನ ಬಂಪರು ಮದುಮಗಳ ಮೂಗುತಿಯಷ್ಟೇ ಗಟ್ಟಿ. ಸ್ಟಿಯರಿಂಗಿನ ಸರಳುಗಳಿಗೆ, ಬ್ರೇಕಿನ ಕೊಳವೆ ಹಾಯುವ ಜಾಗಕ್ಕೆ, ರೇಡಿಯೇಟರ್ ಕೆಳಗಿನ ತೆಳು ಪಟ್ಟಿಗೆ ಖಂಡಿತ ಅಲ್ಲ. ತಯಾರಕರು ಕೈಪಿಡಿಯಲ್ಲಿ ತೋರಿಸಿದ ಜಾಗ ಹುಡುಕಬೇಕು. ಎರಡು ಬದಿಗೂ ಸಮನಾಗಿ ಕವಲೊಡೆದ ಮೆತ್ತನೆಯ ಪಟ್ಟಿ ಹಾಕಿ, ಎಳೆತ ನಟ್ಟನಡುವೆ ಬರುವಂತೆ ನೋಡಿಕೊಳ್ಳಬೇಕು. ಕ್ರೇನಿನ ಕೊಕ್ಕೆಗೆ ಮುಂಭಾಗ ನೇತುಹಾಕಿ ಹಿಂಚಕ್ರದ ಮೇಲೆ ಎಳೆದೊಯ್ಯುವ ಪದ್ಧತಿಯಂತೂ ಈ ಕಾರುಗಳ ಪಾಲಿಗೆ ಯಮದೂತ. ಮೂತಿ ಮೇಲೆದ್ದಷ್ಟೂ ಬಾಲ ನೆಲ ಉಜ್ಜುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರಾದರೆ ಇನ್ನೂ ಕೇಡು. 1966ರಿಂದ ಬಂದ ನಾಲ್ಕು ಸೀಟಿನ ಇ-ಟೈಪಿನಲ್ಲಿ ಅಂಥ ಗೇರು ಸಿಗುತ್ತಿತ್ತು. ಅದರೊಳಗೆ ಎಣ್ಣೆ ಹರಿಸುವ ಪಂಪು ತಿರುಗುವುದು ಎಂಜಿನ್ ಓಡುವಾಗ. ಎಂಜಿನ್ ಮಲಗಿರುವಾಗ ಚಕ್ರ ಉರುಳಿಸಿಕೊಂಡು ದೂರ ಹೋದರೆ, ಎಣ್ಣೆ ಕಾಣದ ಗಾಣದಂತೆ ಒಳಗೆಲ್ಲ ಸವೆದು ಸುಟ್ಟುಹೋಗುತ್ತದೆ. ಎಂಜಿನ್ ನಿಂತ ಕಾರಿನಲ್ಲಿ ಬ್ರೇಕಿಗೆ ಸಹಾಯ ಮಾಡುವ ನಿರ್ವಾತವೂ ಇರುವುದಿಲ್ಲ, ಪೆಡಲು ಕಲ್ಲಾಗುತ್ತದೆ. ಹಗ್ಗ ಕಟ್ಟಿ ಎಳೆಸಿಕೊಳ್ಳುವಾಗ ಹಿಂದಿನ ಕಾರಿನಲ್ಲಿ ಕೂತವನಿಗೆ ಇದು ಮುಂದಿನವನು ಬ್ರೇಕ್ ಹಾಕಿದ ಕ್ಷಣದಲ್ಲಿ ಅರಿವಾಗುತ್ತದೆ. ಆಗ ತಡವಾಗಿರುತ್ತದೆ. ಆದ್ದರಿಂದ ನಾಲ್ಕೂ ಚಕ್ರ ನೆಲ ಬಿಟ್ಟು ಸಮತಟ್ಟಾದ ಹಾಸಿನ ಮೇಲೆ ಕೂರುವುದೇ ಕ್ಷೇಮ.

ಕಾರನ್ನು ಹಾಸಿನ ಮೇಲೆ ಓಡಿಸಿ ಹತ್ತಿಸುವ ಶೂರರಿದ್ದಾರೆ. ಹತ್ತಿಸಿದ ಮೇಲೆ ಅವರ ಪೇಚು ನೋಡಬೇಕು. ಬಾಗಿಲು ತೆರೆದರೆ ಟ್ರೇಲರಿನ ಮಡ್‌ಗಾರ್ಡಿಗೆ ತಾಗುತ್ತದೆ. ನೆಲಕ್ಕಂಟಿದ ಕಾರಿನ ಬಾಗಿಲು ಸರಿಯಾಗಿ ಆ ಎತ್ತರದಲ್ಲೇ ಇರುತ್ತದೆ. ಕೊನೆಗೆ ಶೂರ ಕಿಟಕಿಯಿಂದ ತೆವಳಿ ಹೊರಬರುತ್ತಾನೆ. ಕೈರಾಟೆಯಂತೆ ಸುತ್ತುವ ವಿಂಚ್ ಇರುವುದು ಇದಕ್ಕಾಗಿಯೇ. ಕಾರಿನ ತೂಕ 1,250 ಕಿಲೋ ಎಂದರೆ, 2 ಮೀಟರ್ ಹಲಗೆಯ ಮೇಲೆ ಅದನ್ನೆಳೆಯಲು ತೂಕದ ಕಾಲು ಭಾಗ, ಅಂದರೆ ಸುಮಾರು 312 ಕಿಲೋ ಎಳೆತ ಬೇಕು. 4 ಮೀಟರ್ ಹಲಗೆಯ ಮೇಲಾದರೆ ಅದರರ್ಧ, 156 ಕಿಲೋ ಸಾಕು. ಚಕ್ರದ ಉರುಳುವಿಕೆಯ ತಡೆ ಎರಡಕ್ಕೂ ಒಂದಿಷ್ಟು ಸೇರುತ್ತದೆ. ಬಲ ಅರ್ಧವಾಯಿತು, ದಾರಿ ಎರಡರಷ್ಟಾಯಿತು. ಕೆಲಸ ಅಷ್ಟೇ ಉಳಿಯಿತು. ನಿಸರ್ಗದ ಅಂಗಡಿಯಲ್ಲಿ ಚೌಕಾಸಿ ನಡೆಯುವುದಿಲ್ಲ.

ಈ ಹಂತದಲ್ಲಿ ಸುತ್ತ ಯಾರು ಎಲ್ಲಿ ನಿಂತಿದ್ದಾರೆ ಎಂಬುದು ಕಾರಿಗಿಂತ ಮುಖ್ಯ. ಹಳೆಯ ಕಾರು ಕಂಡರೆ ಮಕ್ಕಳು ಸೇರುತ್ತಾರೆ. ತಳ್ಳಲು ಕೈಕೊಡುವ ಉತ್ಸಾಹದಲ್ಲಿ ಹುಡುಗನೊಬ್ಬ ಹಲಗೆಯ ಬುಡದಲ್ಲಿ, ಕಾರಿನ ಬೆನ್ನಿಗೆ ನಿಲ್ಲುತ್ತಾನೆ. ವಿಂಚಿನ ಹಗ್ಗ ತುಂಡಾದರೆ ಅರ್ಧ ಮೀಟರ್ ಎತ್ತರದಿಂದ ಜಾರಿದ ಕಾರು ಬುಡ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿರುತ್ತದೆ. ಸೈಕಲ್ಲಿನ ವೇಗ, ನಿಜ. ಆದರೆ ಆ ಸೈಕಲ್ಲಿನ ತೂಕ 1,250 ಕಿಲೋ. ಹಿಂದೆ ಗೋಡೆ ಇದ್ದರಂತೂ ಹೇಳುವುದೇ ಬೇಡ. ಬಿಗಿದ ಉಕ್ಕಿನ ಹಗ್ಗ ತುಂಡಾಗಿ ಚಾವಟಿಯಂತೆ ಬೀಸಿದರೆ ಅದರ ದಾರಿಯಲ್ಲಿದ್ದವರ ಗತಿಯೂ ಅದೇ. ಆದ್ದರಿಂದ ಈ ಕೆಲಸ ಬಲ್ಲವರು ಎರಡು ನಿಯಮಗಳನ್ನು ಯಾರ ಮುಲಾಜಿಗೂ ಸಡಿಲಿಸುವುದಿಲ್ಲ: ಏರುತ್ತಿರುವ ಕಾರಿನ ಹಿಂದೆ ಯಾರೂ ಇರಬಾರದು, ಬಿಗಿದ ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು. ಹಗ್ಗದ ಮೇಲೊಂದು ದಪ್ಪ ಕಂಬಳಿ ಹೊದಿಸುವುದೂ ವಾಡಿಕೆ. ತುಂಡಾದ ಹಗ್ಗದ ನೆಗೆತವನ್ನು ಅದು ತಗ್ಗಿಸುತ್ತದೆ. ಮಕ್ಕಳನ್ನು ಓಡಿಸಿಬಿಡಬೇಕೆಂದಲ್ಲ. ಬದಿಯಲ್ಲಿ ನಿಲ್ಲಿಸಿ, ಕೈಗೊಂದು ಬೆಣೆ ಕೊಟ್ಟು, 'ಕಾರು ಒಂದು ಗೇಣು ಸರಿದಾಗಲೆಲ್ಲ ಪಕ್ಕದಿಂದಲೇ ಇದನ್ನು ಉದ್ದನೆಯ ಕೋಲಿನಿಂದ ಚಕ್ರದ ಹಿಂದಕ್ಕೆ ನೂಕು' ಎಂದರೆ ಆ ಮಗು ಜವಾಬ್ದಾರಿ ಎಂಬ ಪದದ ಅರ್ಥವನ್ನು ನಿಘಂಟು ನೋಡದೆ ಕಲಿಯುತ್ತದೆ.

ಕಾರು ಮೇಲೇರಿತು. ಈಗ ಅದನ್ನು ಹಾಸಿನ ಮೇಲೆ ಎಲ್ಲಿ ನಿಲ್ಲಿಸಬೇಕು? ಈ ಪ್ರಶ್ನೆಗೆ ಉತ್ತರವನ್ನು ಎತ್ತಿನ ಗಾಡಿ ಹೊಡೆದವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಗಾಡಿಗೆ ಹುಲ್ಲೋ ಭತ್ತದ ಮೂಟೆಯೋ ಹೇರುವಾಗ ಮುಂಭಾರ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಅಮುಕುತ್ತದೆ. ಹಿಂಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳಪಟ್ಟಿ ಎತ್ತಿನ ಕುತ್ತಿಗೆಗೆ ಬಿಗಿಯುತ್ತದೆ. ಅಚ್ಚಿನ ಮೇಲೆ ಭಾರ ಕೂತು, ನೊಗದ ಮೇಲೆ ಒಂದಿಷ್ಟೇ ಇಷ್ಟು ಒತ್ತು ಇರಬೇಕು. ಟ್ರೇಲರಿನ ವೇದವೂ ಇದೇ. ಬ್ರಿಟನ್ನಿನಲ್ಲಿ ಟ್ರೇಲರ್ ಮತ್ತು ಹೇರಿನ ಒಟ್ಟು ತೂಕದ ನೂರಕ್ಕೆ 5ರಿಂದ 7 ಪಾಲು ಎಳೆಯುವ ಗಾಡಿಯ ಕೊಂಡಿಯ ಮೇಲಿರಲಿ ಎನ್ನುತ್ತಾರೆ. ಅಮೆರಿಕದಲ್ಲಿ 10ರಿಂದ 15 ಪಾಲು ಎನ್ನುತ್ತಾರೆ. ಅಲ್ಲಿನ ಗಾಡಿಗಳೂ ಕೊಂಡಿಗಳೂ ಬೇರೆ, ಲೆಕ್ಕವೂ ಬೇರೆ. ಎಳೆಯುವ ಗಾಡಿಯ ಕೊಂಡಿ ತಡೆಯುವ ಮಿತಿಯನ್ನು ಮಾತ್ರ ಎಲ್ಲೂ ಮೀರುವಂತಿಲ್ಲ.

700 ಕಿಲೋ ಟ್ರೇಲರಿನ ಮೇಲೆ 1,250 ಕಿಲೋ ಕಾರು, ಒಟ್ಟು 1,950. ಅದರ ನೂರಕ್ಕೆ 5 ಎಂದರೆ 97 ಕಿಲೋ, ನೂರಕ್ಕೆ 7 ಎಂದರೆ 136 ಕಿಲೋ. ಕೊಂಡಿಗೂ ಟ್ರೇಲರಿನ ಅಚ್ಚಿಗೂ 4 ಮೀಟರ್ ದೂರವಿದ್ದರೆ, ಕಾರನ್ನು 20 ಸೆಂಟಿಮೀಟರ್, ಅಂದರೆ ಒಂದು ಗೇಣು ಮುಂದೆ ಸರಿಸಿದಾಗ ಕೊಂಡಿಯ ಮೇಲಿನ ಭಾರ 62 ಕಿಲೋ ಏರುತ್ತದೆ. ಅಷ್ಟೇ ಹಿಂದೆ ಸರಿಸಿದರೆ 62 ಕಿಲೋ ಇಳಿಯುತ್ತದೆ. ಸರಿಯಾದ ಭಾರಕ್ಕೂ ಅಪಾಯದ ಭಾರಕ್ಕೂ ನಡುವೆ ಇರುವುದು ಒಂದು ಗೇಣು! ಎಂಜಿನ್ ಹಿಂದೆ ಇರುವ ಪೋರ್ಶೆ 911ರಂಥ ಕಾರನ್ನು ಇ-ಟೈಪ್ ನಿಲ್ಲಿಸಿದ ಜಾಗದಲ್ಲೇ ನಿಲ್ಲಿಸಿದರೆ ಲೆಕ್ಕ ತಲೆಕೆಳಗಾಗುವುದೂ ಇದಕ್ಕೇ.

ಹೇರುವಾಗಲೇ ಇನ್ನೊಂದು ಅಪಾಯ ಹೊಂಚಿರುತ್ತದೆ. ಕಾರಿನ ಭಾರವೆಲ್ಲ ಟ್ರೇಲರಿನ ಬಾಲದ ಮೇಲಿರುವ ಆ ಕೆಲವು ನಿಮಿಷ ಕೊಂಡಿ ಮೇಲಕ್ಕೆ ಜಗ್ಗುತ್ತದೆ. ಎಳೆಯುವ ಗಾಡಿಯ ಹಿಂಚಕ್ರ ಹಗುರವಾಗುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂಚಕ್ರವನ್ನೇ. ಹಿಡಿತ ತಪ್ಪಿದರೆ ಮೂರೂ ಒಟ್ಟಿಗೆ ಇಳಿಜಾರಿನತ್ತ ಹೊರಡುತ್ತವೆ. ಹೇರು ತುಂಬುವಾಗ ಗಾಡಿಯ ಹಿಂದೆ ಕೋಲು ಆನಿಸುವಂತೆ ಇಲ್ಲೂ ಟ್ರೇಲರಿನ ಬಾಲಕ್ಕೆ ಆಸರೆಕಾಲು ಕೊಡಬೇಕು; ಎಳೆಯುವ ಗಾಡಿಯ ಚಕ್ರಗಳಿಗೆ ಬೆಣೆ ಬೀಳಬೇಕು.

ಇನ್ನು ಕಟ್ಟುವುದು. ಹತ್ತಿಸಿದ ವಿಂಚಿನ ಹಗ್ಗವೇ ಸಾಕು, ಹ್ಯಾಂಡ್‌ಬ್ರೇಕ್ ಎಳೆದಿದೆ, ಗೇರೂ ಹಾಕಿದೆ ಎನ್ನುವವರ ಹಿಂದೆ ರಸ್ತೆಯಲ್ಲಿ ಹೋಗದಿರುವುದು ಲೇಸು. ಜೋರಾಗಿ ಬ್ರೇಕ್ ಹಾಕಿದಾಗ ಹೇರು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು, ತಿರುವಿನಲ್ಲಿ ಅರ್ಧ ಪಾಲಿನಷ್ಟು ಪಕ್ಕಕ್ಕೆ ಜಗ್ಗಬಹುದು ಎಂದು ಲೆಕ್ಕವಿಟ್ಟು ಯುರೋಪಿನ ಕಟ್ಟುವ ನಿಯಮಗಳು ರಚಿತವಾಗಿವೆ. 1,250ರಲ್ಲಿ ಹತ್ತಕ್ಕೆ ಎಂಟು ಎಂದರೆ ಸರಿಯಾಗಿ 1,000 ಕಿಲೋ. ಒಂದು ಟನ್ ಭಾರ, ಡ್ರೈವರನ ಬೆನ್ನ ಹಿಂದೆ. ನಾಲ್ಕು ಮೂಲೆಗೂ ತಕ್ಕ ಶಕ್ತಿಯ ಪಟ್ಟಿಗಳು ಬೇಕು. ಅವು ಮುಂದಕ್ಕೂ ಹಿಂದಕ್ಕೂ ಪಕ್ಕಕ್ಕೂ ತಡೆಯುವಂತೆ ಓರೆಯಾಗಿ ಬಿಗಿಯಬೇಕು.

ಪಟ್ಟಿಯನ್ನು ಕಾರಿನ ಮೈಗೆ ಕಟ್ಟುವುದೋ ಚಕ್ರಕ್ಕೆ ಕಟ್ಟುವುದೋ ಎಂಬುದು ಈ ವೃತ್ತಿಯ ಹಳೆಯ ಜಗಳ. ಮೈಗೆ ಕಟ್ಟಿದರೆ ರಸ್ತೆಯ ಪ್ರತಿ ಕುಲುಕಿಗೂ ಸ್ಪ್ರಿಂಗು ಕುಗ್ಗಿ ಪಟ್ಟಿ ಸಡಿಲವಾಗುತ್ತದೆ, ಮತ್ತೆ ಜಗ್ಗುತ್ತದೆ. ಚಕ್ರಕ್ಕೆ ಕಟ್ಟಿದರೆ ಚಕ್ರ ಹಾಸಿಗೆ ಅಂಟಿ ಕೂರುತ್ತದೆ. ಮೈ ತನ್ನ ಸ್ಪ್ರಿಂಗಿನ ಮೇಲೆ ಹಾಯಾಗಿ ತೂಗುತ್ತದೆ. ಹಳೆಯ ಕಾರುಗಳಿಗೆ ಎರಡನೆಯದೇ ಹಿತ. ಆದರೆ ಇ-ಟೈಪಿನಂಥ ಕಾರುಗಳ ತಂತಿ ಕಡ್ಡಿಯ ಚಕ್ರಗಳ ಸಂದಿಯಲ್ಲಿ ಪಟ್ಟಿ ತೂರಿಸಿ ಬಿಗಿದರೆ ಕಡ್ಡಿ ಬಾಗುತ್ತದೆ. ಅಂಥಲ್ಲಿ ಟೈರಿನ ನೆತ್ತಿಯ ಮೇಲಿಂದ ಬಲೆಯಂಥ ಪಟ್ಟಿ ಹಾಯಿಸಬೇಕು. ಹೊರಟು ಹದಿನೈದು ಇಪ್ಪತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಎಲ್ಲವನ್ನೂ ಮತ್ತೆ ಮುಟ್ಟಿ ನೋಡಬೇಕು. ಹೊಸ ಮಂಚದ ನವಾರು ಮೊದಲ ರಾತ್ರಿಗೇ ಸಡಿಲವಾಗುವಂತೆ ಪಟ್ಟಿಯೂ ಆಗುತ್ತದೆ. ಬಣ್ಣ ಕಾಪಾಡಲೆಂದು ಸಡಿಲ ಹೊದಿಕೆ ಹಾಕುವ ಅಕ್ಕರೆಯೂ ಬೇಡ. ಗಾಳಿಗೆ ಪಟಪಟಿಸುವ ಬಟ್ಟೆ ಧೂಳು ಸೇರಿ ಮರಳು ಕಾಗದವಾಗುತ್ತದೆ. ಇ-ಟೈಪಿನ ಬಾನೆಟ್ಟಿನ ಬಿಜಾಗರಿ ಮೂತಿಯಲ್ಲಿದೆ. ಮುಂದಕ್ಕೆ ಓಡುವಾಗ ಗಾಳಿ ಅದನ್ನು ಒತ್ತಿ ಮುಚ್ಚುತ್ತದೆ. ಕಾರನ್ನು ಹಿಂದುಮುಂದಾಗಿ ಹೇರಿದರೆ ಅದೇ ಗಾಳಿ ಚಿಲಕ ಸಡಿಲವಿದ್ದ ಬಾನೆಟ್ಟನ್ನು ಎತ್ತಲು ನೋಡುತ್ತದೆ. ರೂಪ ಬರೆದವರು ಗಾಳಿಯ ಜೊತೆ ಒಂದು ಒಪ್ಪಂದ ಮಾಡಿಕೊಂಡಿರುತ್ತಾರೆ. ಸಾಗಿಸುವವನು ಅದನ್ನು ಮುರಿಯಬಾರದು.

ರಸ್ತೆಗಿಳಿದ ಮೇಲೆ ಬರುವ ದೊಡ್ಡ ಭಯ ಬಾಲದಾಟದ್ದು. ಹಿಂಭಾರದ ಟ್ರೇಲರನ್ನು ಪಕ್ಕದ ಲಾರಿಯ ಗಾಳಿಯೋ ಇಳಿಜಾರೋ ಒಮ್ಮೆ ಅಲುಗಿಸುತ್ತದೆ. ಅದು ಎಡಕ್ಕೆ ತೂಗಿ ಎಳೆಯುವ ಗಾಡಿಯ ಬೆನ್ನನ್ನು ಬಲಕ್ಕೆ ನೂಕುತ್ತದೆ. ಬಲಕ್ಕೆ ತೂಗಿ ಎಡಕ್ಕೆ ನೂಕುತ್ತದೆ. ವೇಗ ಕಡಿಮೆ ಇದ್ದರೆ ಆಟ ತಾನೇ ತಣ್ಣಗಾಗುತ್ತದೆ. ಒಂದು ವೇಗ ದಾಟಿದರೆ ಪ್ರತಿ ತೂಗಿಗೂ ಹೆಚ್ಚುತ್ತಾ ಹೋಗಿ ಎರಡನ್ನೂ ರಸ್ತೆಯಾಚೆ ಎಸೆಯುತ್ತದೆ. ಆ ಗಳಿಗೆಯಲ್ಲಿ ಕಾಲು ಬ್ರೇಕಿನ ಮೇಲೆ ಹಾರುತ್ತದೆ, ಅದು ತಪ್ಪು. ವೇಗ ಹೆಚ್ಚಿಸಿ ನೆಟ್ಟಗಾಗಿಸುತ್ತೇನೆ ಎಂಬ ಜಾಣತನ ಇನ್ನೂ ದೊಡ್ಡ ತಪ್ಪು. ಸ್ಟಿಯರಿಂಗನ್ನು ನೆಟ್ಟಗೆ, ಅಲುಗದಂತೆ ಹಿಡಿದು, ವೇಗದ ಪೆಡಲಿನಿಂದ ಕಾಲನ್ನು ಮೆಲ್ಲಗೆ ತೆಗೆದು, ಗಾಡಿ ತಾನಾಗಿ ನಿಧಾನವಾಗುವುದನ್ನು ಕಾಯಬೇಕು. ನಿಂತ ಮೇಲೆ ಹೇರನ್ನು ಸರಿಪಡಿಸದೆ ಮುಂದೆ ಹೋಗಬಾರದು. ಹೇಳುವುದು ಸುಲಭ, ಎದೆ ಬಡಿದುಕೊಳ್ಳುವಾಗ ಏನೂ ಮಾಡದೆ ಕಾಯುವುದು ಬಲು ಕಷ್ಟ. ಅದಕ್ಕೇ ಬಲ್ಲವರು ಆ ಪರೀಕ್ಷೆಯನ್ನು ರಸ್ತೆಯ ಮೇಲೆ ಬರೆಯುವುದಿಲ್ಲ. ಹೇರುವ ಅಂಗಳದಲ್ಲಿ, ಆ ಒಂದು ಗೇಣಿನ ಲೆಕ್ಕದಲ್ಲೇ ಬರೆದು ಮುಗಿಸುತ್ತಾರೆ.

ಬ್ರಿಟನ್ನಿನಲ್ಲಿ ಟ್ರೇಲರ್ ಎಳೆಯುವ ಕಾರಿಗೆ ವೇಗದ ಮಿತಿ ಬೇರೆಯೇ ಇದೆ: ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ, ಸಾಮಾನ್ಯ ಒಂಟಿ ರಸ್ತೆಯಲ್ಲಿ 50. ವೇಗ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ಹೆಚ್ಚಿದ್ದು ಕಾಲು ಭಾಗ ಎನಿಸುತ್ತದೆ. ಚಲನೆಯ ಶಕ್ತಿ ವೇಗದ ವರ್ಗದಂತೆ ಏರುವುದರಿಂದ ಬ್ರೇಕು ನುಂಗಬೇಕಾದದ್ದು ಒಂದೂವರೆ ಪಟ್ಟಿಗೂ ಹೆಚ್ಚು. ಉಳಿಯುವ ಸಮಯವೋ, ನೂರು ಕಿಲೋಮೀಟರಿಗೆ ಕಾಲು ಗಂಟೆ.

ಊರು ತಲುಪಿದ ಮೇಲೆ ಇಳಿಸುವ ಸರದಿ. ಅರ್ಧ ಅಪಘಾತಗಳಿಗೆ 'ಬಂದೇಬಿಟ್ಟೆವಲ್ಲ' ಎಂಬ ನಿರಾಳವೇ ತಾಯಿ. ಪಟ್ಟಿಗಳನ್ನೆಲ್ಲ ಒಮ್ಮೆಗೇ ಬಿಚ್ಚಿಬಿಟ್ಟರೆ, ವಿಂಚಿನ ಹಗ್ಗ ಕಟ್ಟದ ಕಾರು ಒಡೆಯನಿಗಿಂತ ಮೊದಲೇ ಇಳಿದು ಹೋಗುತ್ತದೆ. ಮೊದಲು ನೆಲ ಸಮತಟ್ಟಾಗಿದೆಯೇ ನೋಡಬೇಕು. ಬೆಣೆ, ಆಸರೆಕಾಲು, ವಿಂಚಿನ ಹಗ್ಗ ಆಮೇಲೆ. ಪಟ್ಟಿ ಬಿಚ್ಚುವುದು ಎಲ್ಲಕ್ಕೂ ಕೊನೆಗೆ. ಹತ್ತಿಸಿದ ಕ್ರಮವನ್ನೇ ತಿರುವಿ ಓದಿದರಾಯಿತು.

ಇಷ್ಟೆಲ್ಲ ಪಡಿಪಾಟಲು ಒಂದು ಹಳೆಯ ಕಾರಿಗೆ ಬೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕಾರು ಗೀರಿದರೆ ಬಣ್ಣ ಹೊಡೆಯಬಹುದು, ಕೊಳವೆ ಬಾಗಿದರೆ ಬೇರೆ ಹಾಕಬಹುದು. ಆದರೆ ಆ ಟ್ರೇಲರಿನ ಪಕ್ಕದಲ್ಲೇ ಸ್ಕೂಟರಿನಲ್ಲಿ ಹೋಗುವ ಸಂಸಾರಕ್ಕೂ, ಹಲಗೆಯ ಬುಡದಲ್ಲಿ ನಿಂತ ಹುಡುಗನಿಗೂ ಬಿಡಿಭಾಗ ಸಿಗುವುದಿಲ್ಲ. ಜಾಗ್ರತೆ ಕಾರಿಗೆಂದು ಆರಂಭವಾದರೂ ಅದರ ಫಲ ಉಣ್ಣುವವರು ಕಾರಿನ ಹೆಸರೂ ಗೊತ್ತಿಲ್ಲದ ದಾರಿಹೋಕರು.

ಮನೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು ತಂದೆ ಮಕ್ಕಳು ಕೂಡಿ ಹಳೆಯ ಕಾರೊಂದನ್ನು ಎಬ್ಬಿಸುವುದು ಇಂಗ್ಲೆಂಡಿನಲ್ಲಿ ಅಪರೂಪವಲ್ಲ. ನಮ್ಮಲ್ಲೂ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹದ ಮುಂದೆ ನಿಂತು 'ಇದು ಓಡುತ್ತಾ?' ಎಂದು ಅಪ್ಪನ ಕೈ ಜಗ್ಗುವ ಮಕ್ಕಳಿದ್ದಾರೆ. ಆ ಪ್ರಶ್ನೆಯ ಹಿಂದೆಯೇ 'ಇದನ್ನು ಇಲ್ಲಿಗೆ ಹೇಗೆ ತಂದರು?' ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಕಲಿಸಿದರೆ ಒಳ್ಳೆಯದು. ಓಡಿಸುವವರ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಹೊತ್ತು ತಂದವರ ಹೆಸರು ಎಲ್ಲೂ ಇರುವುದಿಲ್ಲ. ಅವರ ಕೆಲಸ ಸರಿಯಾಗಿ ನಡೆಯಿತು ಎಂಬುದಕ್ಕೆ ಇರುವ ಗುರುತು ಒಂದೇ: ದಾರಿಯಲ್ಲಿ ಏನೂ ಆಗಲಿಲ್ಲ.